ಜಡೆ ಹೆಣೆಯುವವನು ಯಾರ ಬೆನ್ನು ಹತ್ತುತ್ತಾನೆ?

ಪ್ರಶ್ನೆ: ಹದಿನೈದರಿಂದ ಹದಿನೆಂಟು ವಯಸ್ಸಿನ ಓದುಗರಿಗಾಗಿ ಕನ್ನಡದಲ್ಲಿ ಒಂದು ದೆವ್ವದ ಥ್ರಿಲ್ಲರ್ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಗ್ವಾಟೆಮಾಲಾದಲ್ಲಿ, ನಾಯಕಿಗೆ ಹದಿನಾರು ವರ್ಷ. ಸಿಗುವಾನಾಬಾ, ಯೊರೋನಾ, ಕದೇಹೋ, ಚುಪಾಕಾಬ್ರಾ ಎಲ್ಲವನ್ನೂ ತಂದಿದ್ದೇನೆ. ಎಂಟು ಅಧ್ಯಾಯ ಮುಗಿದಿವೆ. ಓದಿದ ನಾಲ್ವರೂ “ಚೆನ್ನಾಗಿದೆ, ಆದರೆ ಭಯ ಆಗಲಿಲ್ಲ” ಅಂದರು. ಎಲ್ಲಿ ತಪ್ಪಿದೆ?

ಉತ್ತರ: ತಪ್ಪು ನಿಮ್ಮ ಪಟ್ಟಿಯಲ್ಲೇ ಇದೆ. ನೀವು ಕರೆತಂದ ನಾಲ್ಕರಲ್ಲಿ ಒಂದಕ್ಕೂ ಹದಿನಾರರ ಹುಡುಗಿಯ ಗೊಡವೆ ಬೇಕಿಲ್ಲ.

ಸಿಗುವಾನಾಬಾ ಕಾಯುವುದು ಗಂಡಸರನ್ನು. ಅಪರಾತ್ರಿಯಲ್ಲಿ ಕುಡಿದು ಮನೆಗೆ ಹೊರಟವನು, ಹೆಂಡತಿಯ ಕಣ್ಣು ತಪ್ಪಿಸಿ ಇನ್ನೊಂದು ಮನೆಯ ಕದ ತಟ್ಟಿ ಬಂದವನು ಅವಳಿಗೆ ಬೇಕು. ಹೊಳೆಯ ಬಳಿಯೋ ಊರವರು ಬಟ್ಟೆ ಒಗೆಯುವ ತೊಟ್ಟಿಯ ಬಳಿಯೋ ಬೆನ್ನು ತೋರಿಸಿ ಕೂತು ಉದ್ದ ಕೂದಲು ಬಾಚಿಕೊಳ್ಳುತ್ತಿರುತ್ತಾಳೆ. ಹಿಂದೆ ಬಿದ್ದವನಿಗೆ ಮುಖ ತೋರದೆ ಕೊರಕಲಿನ ಅಂಚಿನವರೆಗೆ ನಡೆಸುತ್ತಾಳೆ. ಅಲ್ಲಿ ತಿರುಗಿದಾಗ ಕಾಣುವುದು ಕುದುರೆಯ ಮುಖ. ಕದೇಹೋ ಕೂಡ ಹೆಚ್ಚಾಗಿ ರಾತ್ರಿ ತಡವಾಗಿ ತೂರಾಡುತ್ತ ಬರುವವರ ಹಿಂದೆ ಹೆಜ್ಜೆ ಹಾಕುವ ನಾಯಿ. ಯೊರೋನಾ ನೀರುಪಾಲು ಮಾಡಿದ ತನ್ನ ಮಕ್ಕಳನ್ನು ಹುಡುಕಿಕೊಂಡು ಅಳುತ್ತ ಅಲೆಯುವವಳು, ಅವಳ ಹೆಸರು ಹೇಳಿ ಹೆದರಿಸುವುದು ಸಣ್ಣ ಮಕ್ಕಳನ್ನು. ಇನ್ನು ಚುಪಾಕಾಬ್ರಾ ಆ ನೆಲದ್ದೇ ಅಲ್ಲ. 1995ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ ಸುದ್ದಿಯಾಗಿ, ಟೀವಿ ಮತ್ತು ಪತ್ರಿಕೆಗಳ ಬೆನ್ನೇರಿ ಹರಡಿದ, ಮೇಕೆಗಳ ರಕ್ತ ಹೀರುವ ಪ್ರಾಣಿ ಅದು. ಗ್ವಾಟೆಮಾಲಾದ ಅಜ್ಜಿಯೊಬ್ಬಳ ಬಾಯಲ್ಲಿ ಅದನ್ನು ಹಳೆಯ ಕಥೆಯಾಗಿ ಹೇಳಿಸಿದರೆ ಬಲ್ಲವರು ಅಲ್ಲಿಗೇ ಪುಸ್ತಕ ಮಡಚುತ್ತಾರೆ.

ಓದುಗರಿಗೆ ಈ ವಿವರಗಳು ಗೊತ್ತಿರಬೇಕಾಗಿಲ್ಲ. ಆದರೂ ಅವರ ಒಳಮನಸ್ಸು ಲೆಕ್ಕ ಇಟ್ಟಿರುತ್ತದೆ: ಇದು ಬಂದಿರುವುದು ಯಾರಿಗಾಗಿ? ನಾಯಕಿಗಾಗಿ ಅಲ್ಲ ಅನ್ನಿಸಿದ ಗಳಿಗೆಯಿಂದ ಎಷ್ಟು ರಕ್ತ ಸುರಿಸಿದರೂ ಅದು ಬರೀ ದೃಶ್ಯ.

ಜಾನಪದದ ದೆವ್ವ ಎಂದರೆ ಒಂದು ರೂಪವಷ್ಟೇ ಅಲ್ಲ, ಒಂದು ಕಟ್ಟಳೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ “ನಾಳೆ ಬಾ” ಎಂದು ಬರೆದದ್ದು ನೆನಪಿಸಿಕೊಳ್ಳಿ. ದೆವ್ವ ಬಾಗಿಲಿಗೆ ಬರುತ್ತದೆ, ಬರೆದದ್ದನ್ನು ಓದುತ್ತದೆ, ಓದಿದ್ದಕ್ಕೆ ಕಟ್ಟುಬೀಳುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅದರ ಮುಖ ಹೇಗಿತ್ತು ಎಂದು ಯಾರಿಗೂ ನೆನಪಿಲ್ಲ, ಕಟ್ಟಳೆ ಮಾತ್ರ ಎಲ್ಲರಿಗೂ ನೆನಪಿದೆ. ಮಧ್ಯ ಅಮೆರಿಕದ ಕಥೆಗಳೂ ಹೀಗೇ ನಿಂತಿವೆ. ಬೆಲೀಜ್‌ನ ಕಾಡಿನ ತಾತಾ ದುಯೆಂದೆಗೆ ಹೆಬ್ಬೆರಳಿಲ್ಲ, ಪಾದ ಹಿಂದುಮುಂದು. ಅವನು ಎದುರಾದರೆ ನಿಮ್ಮ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಬಚ್ಚಿಡಬೇಕು. ನಿಕರಾಗುವಾದಲ್ಲಿ ನಡುರಾತ್ರಿ ಕಿರುಗುಟ್ಟುತ್ತ ಬರುವ ಸಾವಿನ ಎತ್ತಿನ ಗಾಡಿ ಬೀದಿಯ ಮೂಲೆ ತಿರುಗಲಾರದು, ಏಕೆಂದರೆ ಎರಡು ಬೀದಿ ಕೂಡಿದಲ್ಲಿ ಶಿಲುಬೆಯಾಗುತ್ತದೆ. ಯೊರೋನಾಳ ಅಳು ಹತ್ತಿರ ಕೇಳಿದರೆ ಅವಳು ದೂರದಲ್ಲಿದ್ದಾಳೆ, ದೂರ ಕೇಳಿದರೆ ಪಕ್ಕದಲ್ಲೇ ಇದ್ದಾಳೆ. ಈ ಮೂರರಲ್ಲಿ ಯಾವುದೊಂದರಿಂದಲೂ ಒಂದು ಇಡೀ ಅಧ್ಯಾಯ ಹುಟ್ಟುತ್ತದೆ. ಮುಖವರ್ಣನೆಯಿಂದ ಹುಟ್ಟುವುದು ಒಂದು ಪ್ಯಾರಾ.

ಆದ್ದರಿಂದ ಬರೆಯುವ ಮುನ್ನ ನಾಲ್ಕು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆದಿಟ್ಟುಕೊಳ್ಳಿ: ಇದು ಯಾರನ್ನು ಹಿಡಿಯುತ್ತದೆ, ಎಲ್ಲಿ ಮತ್ತು ಎಷ್ಟು ಹೊತ್ತಿಗೆ, ಬರುವ ಮುನ್ನ ಏನು ಕಾಣುತ್ತದೆ ಅಥವಾ ಕೇಳುತ್ತದೆ, ಏನು ಮಾಡಿದರೆ ಬಿಡುತ್ತದೆ. ಮೊದಲ ಉತ್ತರದಲ್ಲಿ ನಿಮ್ಮ ನಾಯಕಿಯೋ ಅವಳ ಜೀವಕ್ಕೆ ಜೀವವಾದವರೋ ಇಲ್ಲದಿದ್ದರೆ ಆ ದೆವ್ವವನ್ನು ಕೈಬಿಡಿ. ಒಂದು ಕಾದಂಬರಿಗೆ ಒಂದು ದೆವ್ವ ಸಾಕು. ಇನ್ನೊಂದು ಬಾಗಿಲ ಹೊರಗೆ ಒಮ್ಮೆ ಹಾದುಹೋದರೆ ತೊಂದರೆಯಿಲ್ಲ.

ಗ್ವಾಟೆಮಾಲಾದ ಕಥೆಗಳಲ್ಲಿ ಹದಿಹರೆಯದ ಹುಡುಗಿಯನ್ನೇ ಹುಡುಕಿಕೊಂಡು ಬರುವವನೊಬ್ಬನಿದ್ದಾನೆ, ನಿಮ್ಮ ಪಟ್ಟಿಯಲ್ಲಿ ಅವನೊಬ್ಬನೇ ಇಲ್ಲ. ಅವನು ಸೊಂಬ್ರೆರೋನ್, ಅಂದರೆ ದೊಡ್ಡ ಟೊಪ್ಪಿಗೆಯವನು.

ಅವನ ಕಟ್ಟಳೆ ಇಷ್ಟು. ಕುಳ್ಳ, ಕಪ್ಪು ಉಡುಗೆ, ಮೈಗಿಂತ ದೊಡ್ಡದೆನ್ನಿಸುವ ಟೊಪ್ಪಿಗೆ, ಹೊಳೆಯುವ ಅಗಲದ ಬೆಲ್ಟ್, ಕಲ್ಲುಹಾಸಿನ ಮೇಲೆ ಟಕಟಕ ಸದ್ದು ಮಾಡುವ ಬೂಟು, ಕೈಯಲ್ಲಿ ಗಿಟಾರ್. ಇದ್ದಿಲು ಹೇರಿದ ಹೇಸರಗತ್ತೆಗಳ ಜೊತೆ ಮುಸ್ಸಂಜೆಗೆ ಬರುತ್ತಾನೆ. ಉದ್ದ ಕೂದಲಿನ, ದೊಡ್ಡ ಕಣ್ಣಿನ ಹುಡುಗಿ ಕಂಡರೆ ಹೇಸರಗತ್ತೆಗಳನ್ನು ಅವಳ ಮನೆಯ ಕಂಬಕ್ಕೆ ಕಟ್ಟಿ ಕಿಟಕಿಯ ಕೆಳಗೆ ಹಾಡುತ್ತಾನೆ. ರಾತ್ರಿ ಅವಳ ಕೂದಲನ್ನು ಜಡೆ ಹೆಣೆಯುತ್ತಾನೆ. ಅವಳ ತಟ್ಟೆಯ ಊಟದಲ್ಲಿ ಮಣ್ಣು ಬೆರೆಯುತ್ತದೆ. ಊಟ ಬಿಟ್ಟು, ನಿದ್ದೆ ಕೆಟ್ಟು ಅವಳು ಸೊರಗುತ್ತಾಳೆ. ಹುಡುಗಿ ಸಿಗದ ರಾತ್ರಿ ಲಾಯಕ್ಕೆ ನುಗ್ಗಿ ಕುದುರೆಗಳ ಬಾಲ, ಅಯಾಲು ಹೆಣೆದಿಟ್ಟು ಹೋಗುತ್ತಾನೆ. ಬಿಡಿಸಿಕೊಳ್ಳಲು ದಾರಿ ಒಂದೇ: ಕೂದಲು ಕತ್ತರಿಸಬೇಕು, ಪಾದ್ರಿಯಿಂದ ಪವಿತ್ರ ಜಲ ಹಾಕಿಸಬೇಕು.

ಗ್ವಾಟೆಮಾಲಾ ನಗರದ ಹಳೆಯ ಬಡಾವಣೆಗಳಲ್ಲಿ ಹೇಳುವ ಸೆಲೀನಾಳ ಕಥೆ ಇದರ ಹೆಸರಾಂತ ರೂಪ. ತಾಯಿ ಮಗಳನ್ನು ಅವನಿಂದ ದೂರ ಒಯ್ದು ಕನ್ಯಾಮಠದಲ್ಲಿ ಬಚ್ಚಿಡುತ್ತಾಳೆ. ಹುಡುಗಿ ಅಲ್ಲೇ ಕೊರಗಿ ಸಾಯುತ್ತಾಳೆ. ಹೆಣ ಕಾಯುವ ರಾತ್ರಿ ಹೊರಗೆ ಯಾರೋ ಬಿಕ್ಕುವುದು ಕೇಳುತ್ತದೆ, ಬೆಳಗಾದಾಗ ಕಲ್ಲುಹಾಸಿನ ಮೇಲೆ ಹರಳುಗಟ್ಟಿದ ಕಣ್ಣೀರಿನ ಸಾಲು.

ಕಥೆ ಚೆಂದ, ಆದರೆ ಕಾದಂಬರಿಗೆ ಇದರಲ್ಲಿ ಒಂದು ಗುಂಡಿ ಇದೆ. ಸೆಲೀನಾ ಏನೂ ಮಾಡುವುದಿಲ್ಲ, ಸೊರಗುತ್ತಾಳೆ ಅಷ್ಟೇ. ಸೊರಗುವವಳ ಕಣ್ಣಿನಿಂದ ಮುನ್ನೂರು ಪುಟ ಓಡಿಸಲು ಆಗುವುದಿಲ್ಲ. ಹಾಗಾಗಿ ನಿಮ್ಮ ಹದಿನಾರರ ನಾಯಕಿಯನ್ನು ಹಾಗೇ ಇಟ್ಟುಕೊಳ್ಳಿ, ಅವಳಿಗೊಬ್ಬ ಹದಿನಾಲ್ಕರ ತಂಗಿಯನ್ನು ಕೊಡಿ. ಅವನು ಬರುವುದು ತಂಗಿಗಾಗಿ. ನೋಡುವವಳು, ಹುಡುಕುವವಳು, ತಪ್ಪು ಮಾಡುವವಳು ಅಕ್ಕ. ಜಡೆ ಬಿಚ್ಚುವ ಕೈಗಳೂ ಅಕ್ಕನವು. ಪ್ರತಿ ಬೆಳಗ್ಗೆ ತಂಗಿಯ ತಲೆಯಲ್ಲಿ ತಾನು ಹಾಕದ ಜಡೆ ಕಾಣುವ ದೃಶ್ಯಕ್ಕೆ ಕನ್ನಡದಷ್ಟು ಒದಗುವ ಭಾಷೆ ಕಡಿಮೆ. ಬೈತಲೆ, ಎಳೆ, ಸಿಕ್ಕು, ತುರುಬು, ಹೆರಳು, ಎಲ್ಲವೂ ನಿಮ್ಮ ಓದುಗರ ಬೆರಳಿಗೆ ಗೊತ್ತಿರುವ ಮಾತು. ಬೈತಲೆ ನಿನ್ನೆ ಎಡಕ್ಕಿತ್ತು, ಇವತ್ತು ಬಲಕ್ಕಿದೆ ಎಂಬ ಒಂದೇ ಸಾಲು ಎರಡು ಪುಟದ ಕೂಗಾಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಎಲ್ಲರೂ ಎಡವುವ ಕಡೆಗೆ ಬರೋಣ. ಪರಿಹಾರ ಗೊತ್ತಾದ ಕೂಡಲೇ ಓದುಗ ಕೇಳುತ್ತಾನೆ: ಕೂದಲು ಕತ್ತರಿಸಿದರೆ ಆಯಿತಲ್ಲ, ಇನ್ನೇಕೆ ಇಪ್ಪತ್ತು ಅಧ್ಯಾಯ? ಇದಕ್ಕೆ ಉತ್ತರ ಇಲ್ಲದ್ದರಿಂದಲೇ ಹಲವು ಲೇಖಕರು ಪರಿಹಾರವನ್ನು ಕೊನೆಯವರೆಗೆ ಬಚ್ಚಿಟ್ಟು, ಕೊನೆಗೆ ಯಾವುದೋ ಹಳೆಯ ಪುಸ್ತಕದ ಹರಿದ ಹಾಳೆಯಿಂದ ಹೊರತೆಗೆಯುತ್ತಾರೆ. ಹಾಗೆ ಮಾಡಬೇಡಿ. ಮೂರನೇ ಒಂದು ಭಾಗ ಮುಗಿಯುವ ಹೊತ್ತಿಗೆ ಅಜ್ಜಿ ಅದನ್ನು ಬಾಯಿಬಿಟ್ಟು ಹೇಳಿಬಿಡಲಿ. ಆಮೇಲೆ ಅದಕ್ಕೆ ಬೆಲೆ ಕಟ್ಟಿ.

ಬೆಲೆ ಆ ಸಮಾಜದೊಳಗೇ ಸಿದ್ಧವಾಗಿದೆ. ಲ್ಯಾಟಿನ್ ಅಮೆರಿಕದಲ್ಲಿ ಹುಡುಗಿಯ ಹದಿನೈದನೇ ಹುಟ್ಟುಹಬ್ಬ ದೊಡ್ಡ ಸಮಾರಂಭ. ನಿಲುವಂಗಿ, ಊಟ, ಸಂಗೀತ, ಫೋಟೊ, ತಲೆಗೆ ಕಿರೀಟ ಎಲ್ಲ ಇರುತ್ತದೆ. ಎಷ್ಟೋ ಮನೆಗಳು ವರ್ಷಗಟ್ಟಲೆ ಹಣ ಕೂಡಿಡುತ್ತವೆ, ಅಮೆರಿಕಕ್ಕೆ ಕೂಲಿಗೆ ಹೋದ ಅಪ್ಪನೋ ಮಾವನೋ ಡಾಲರ್ ಕಳಿಸುತ್ತಾನೆ. ತಂಗಿಯ ಹದಿನೈದು ಡಿಸೆಂಬರ್ ಮೊದಲ ವಾರದಲ್ಲಿ ಬೀಳಲಿ. ಅದಕ್ಕೆ ಮೊದಲು ಅವಳ ತಲೆ ಬೋಳಿಸುವ ಮಾತನ್ನು ಯಾವ ತಾಯಿಯೂ ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ಅಡ್ಡಿ ಇದಕ್ಕಿಂತ ಗಟ್ಟಿ. ಗ್ವಾಟೆಮಾಲಾದಲ್ಲಿ ಕ್ಯಾಥೊಲಿಕರಷ್ಟೇ ಅಲ್ಲ, ಇವಾಂಜೆಲಿಕಲ್ ಪ್ರಾಟೆಸ್ಟಂಟರ ಸಂಖ್ಯೆಯೂ ಬಹಳ ದೊಡ್ಡದು. ತಾಯಿ ಆ ಪಂಗಡಕ್ಕೆ ಸೇರಿದವಳಾಗಿ ಅಜ್ಜಿ ಹಳೆಯ ಕ್ಯಾಥೊಲಿಕಳಾಗಿದ್ದರೆ ಮನೆಯೊಳಗೆ ಪವಿತ್ರ ಜಲಕ್ಕೂ ಜಾಗವಿಲ್ಲ, ಸೊಂಬ್ರೆರೋನ್ ಎಂಬ ಹೆಸರಿಗೂ ಜಾಗವಿಲ್ಲ. ಮಗಳು ಉಣ್ಣದಿರುವುದಕ್ಕೆ ತಾಯಿ ಪ್ರಾರ್ಥನೆ ಮಾಡಿಸುತ್ತಾಳೆ, ಅಜ್ಜಿ ಕತ್ತರಿ ಹುಡುಕುತ್ತಾಳೆ. ಇಬ್ಬರದೂ ಪ್ರೀತಿಯೇ. ಅಕ್ಕ ನಡುವೆ ಸಿಕ್ಕಿಬಿದ್ದಿದ್ದಾಳೆ. ಹೀಗೆ ದೆವ್ವದ ಕಥೆ ಮನೆಯ ಕಥೆಯೂ ಆಗುತ್ತದೆ, ಹದಿಹರೆಯದ ಓದುಗರಿಗೆ ಅದು ಬೇಕು.

ಪರಿಹಾರದಲ್ಲಿ ಎರಡು ಭಾಗ ಇರುವುದನ್ನೂ ಗಮನಿಸಿ: ಕತ್ತರಿಸುವುದು, ಆಮೇಲೆ ಪವಿತ್ರ ಜಲ. ಮೂರನೇ ಎರಡು ಭಾಗ ಮುಗಿದಲ್ಲಿ, ಅಂದರೆ ಇಪ್ಪತ್ತೆಂಟು ಅಧ್ಯಾಯವಾದರೆ ಹತ್ತೊಂಬತ್ತನೆಯದರಲ್ಲಿ, ಅಕ್ಕ ಧೈರ್ಯ ಮಾಡಿ ತಂಗಿಯ ಕೂದಲು ಕತ್ತರಿಸಲಿ, ಆದರೆ ಎರಡನೆಯದು ಆಗದಿರಲಿ. ಕತ್ತರಿಸಿದ ಜಡೆ ಮನೆಯಲ್ಲೇ ಉಳಿಯುತ್ತದೆ. ಮುಂದೆ ಅವನು ಅಕ್ಕನತ್ತ ತಿರುಗುತ್ತಾನೆ. ಈ ತಿರುವು ಹಳೆಯ ಕಥೆಯಲ್ಲಿ ಇರುವುದಲ್ಲ, ನೀವು ಕಟ್ಟುವುದು. ಕಟ್ಟುವ ಹಕ್ಕು ನಿಮಗಿದೆ, ಆದರೆ ಅದು ಹಳೆಯ ಕಟ್ಟಳೆಯ ಹೊಟ್ಟೆಯಿಂದಲೇ ಹುಟ್ಟಬೇಕು. ಟಿಪ್ಪಣಿ ಪುಸ್ತಕದಲ್ಲಿ ಕೇಳಿಬಂದದ್ದನ್ನು ಒಂದು ಬಣ್ಣದಲ್ಲಿ, ನೀವು ಸೇರಿಸಿದ್ದನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಎರಡನೇ ಬಣ್ಣ ಮೊದಲನೆಯದನ್ನು ಮೀರಿತೆಂದರೆ ನೀವು ಬರೆಯುತ್ತಿರುವುದು ಬೇರೆ ದೆವ್ವ, ಅದಕ್ಕೆ ಬೇರೆ ಹೆಸರಿಡುವುದು ಮರ್ಯಾದೆ.

ಕಾಲವನ್ನು ಅಕ್ಟೋಬರ್ ನಡುವಿನಿಂದ ಡಿಸೆಂಬರ್ 7ರವರೆಗೆ, ಸುಮಾರು ಏಳೂವರೆ ವಾರಕ್ಕೆ ಬಿಗಿಯಿರಿ. ಕಾರಣಗಳಿವೆ. ಅಲ್ಲಿ ಶಾಲಾ ವರ್ಷ ಜನವರಿಯಿಂದ ಅಕ್ಟೋಬರ್‌ವರೆಗೆ, ಹಾಗಾಗಿ ಹುಡುಗಿಯರು ಇಡೀ ದಿನ ಮನೆಯಲ್ಲಿರಲು ನೆಪ ಬೇಕಿಲ್ಲ. ಮಳೆಗಾಲ ಮೇನಿಂದ ಅಕ್ಟೋಬರ್‌ವರೆಗೆ, ಮೊದಲ ಅಧ್ಯಾಯಗಳಿಗೆ ಸಂಜೆಯ ಮಳೆ ಸಿಗುತ್ತದೆ, ಆಮೇಲೆ ಒಣಗಾಳಿ. ಸೂರ್ಯಾಸ್ತ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದು ಡಿಸೆಂಬರ್ ಆರಂಭಕ್ಕೆ ಸುಮಾರು ಐದೂವರೆಗೇ ಹೊತ್ತು ಮುಳುಗುತ್ತದೆ. ಅವನು ಮುಸ್ಸಂಜೆಯವನಾದ್ದರಿಂದ ದಿನ ಕಳೆದಂತೆ ಅವನ ಹೊತ್ತು ಹಿಗ್ಗುತ್ತ ಹೋಗುತ್ತದೆ. ಗ್ವಾಟೆಮಾಲಾ ನಗರ ಇರುವುದು ಉತ್ತರ ಅಕ್ಷಾಂಶ 14.6 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ನಮ್ಮ ಬೆಂಗಳೂರು ಮತ್ತು ಹುಬ್ಬಳ್ಳಿಗಳ ನಡುವಿನ ಪಟ್ಟಿ. ಯುರೋಪಿನ ಕಾದಂಬರಿಗಳಲ್ಲಿ ಬರುವ ಎರಡು ತಾಸಿನ ಮಬ್ಬು ಸಂಜೆ ಅಲ್ಲಿಲ್ಲ. ನಿಮ್ಮೂರಿನಲ್ಲಿ ಕತ್ತಲಾಗುವ ವೇಗವೇ ಅಲ್ಲಿಯದೂ. ಅದನ್ನು ಕಣ್ಣಾರೆ ಕಂಡು ಬರೆಯಬಹುದು.

ಈ ಅವಧಿಯಲ್ಲಿ ಎರಡು ದಿನ ಕಥೆಯ ಗೂಟಗಳು. ಒಂದು ನವೆಂಬರ್ 1, ಸಕಲ ಸಂತರ ದಿನ. ಬಹಳ ಮಂದಿ ಇಲ್ಲಿ ಮೆಕ್ಸಿಕೊದ ಚೆಂಡುಹೂವಿನ ಬಲಿಪೀಠ, ಮುಖಕ್ಕೆ ಬುರುಡೆ ಬಣ್ಣ ತಂದಿಡುತ್ತಾರೆ. ಅದು ಪಕ್ಕದ ದೇಶದ್ದು. ಗ್ವಾಟೆಮಾಲಾದ ಸುಂಪಾಂಗೊ ಮತ್ತು ಸಾಂತಿಯಾಗೊ ಸಕಾತೆಪೆಕೆಸ್ ಊರುಗಳಲ್ಲಿ ಅಂದು ಬಿದಿರು ಮತ್ತು ತೆಳುಕಾಗದದಲ್ಲಿ ಕಟ್ಟಿದ, ಮನೆಗಿಂತ ಎತ್ತರದ ಗಾಳಿಪಟಗಳನ್ನು ನಿಲ್ಲಿಸುತ್ತಾರೆ. ಮನೆಗಳಲ್ಲಿ ಹತ್ತಾರು ಬಗೆಯ ತರಕಾರಿ, ಮಾಂಸ ಬೆರೆಸಿದ ಫಿಯಾಂಬ್ರೆ ಎಂಬ ತಣ್ಣನೆಯ ತಿನಿಸು ಮಾಡುತ್ತಾರೆ. ಗಾಳಿಗೆ ಪಟದ ಕಾಗದ ಮೊರೆಯುವ ಸದ್ದು ಕೆಟ್ಟ ಆತ್ಮಗಳನ್ನು ಓಡಿಸುತ್ತದೆ ಎಂಬ ನಂಬಿಕೆ ಇದೆ. ನಿಮಗೆ ಇದಕ್ಕಿಂತ ಏನು ಬೇಕು? ಹದಿನಾಲ್ಕನೇ ಅಧ್ಯಾಯದಲ್ಲಿ ಆ ಮೊರೆತದ ನಡುವೆ ತಂಗಿ ಎರಡು ವಾರದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಣ್ಣಲಿ. ಅವಳು ನಗುವುದನ್ನು ಓದುಗ ಒಮ್ಮೆ ನೋಡಿರಬೇಕು, ಇಲ್ಲದಿದ್ದರೆ ಕಳೆದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಇನ್ನೊಂದು ಡಿಸೆಂಬರ್ 7. ಸಂಜೆ ಆರಕ್ಕೆ ದೇಶದ ತುಂಬ ಮನೆಗಳ ಮುಂದೆ ಹಳೆಯ ಸಾಮಾನು, ಕಸ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ, ಪಟಾಕಿ ಹೊಡೆಯುತ್ತಾರೆ. ಮನೆಯಿಂದ ಸೈತಾನನನ್ನು ಸುಟ್ಟು ಓಡಿಸುವ ದಿನ ಅದು. ಗ್ವಾಟೆಮಾಲಾದ ಹಳೆಯ ರಾಜಧಾನಿ ಆಂಟಿಗುವಾದ ಕೊನ್ಸೆಪ್ಸಿಯೋನ್ ಬಡಾವಣೆಯಲ್ಲಿ ದೊಡ್ಡ ಸೈತಾನನ ಬೊಂಬೆಯನ್ನೇ ಸುಡುತ್ತಾರೆ. ಸುಲಭದ ದಾರಿ ಎಂದರೆ ಬೆಂಕಿಯಿಂದ ದೆವ್ವ ಸಾಯುವುದು. ಅದನ್ನು ಬಿಟ್ಟುಬಿಡಿ. ಅವನು ಬರುವ ಸೂಚನೆ ಬೂಟಿನ ಸದ್ದು ತಾನೆ? ಇಡೀ ಕಾದಂಬರಿಯಲ್ಲಿ ಅಕ್ಕ, ಅವಳ ಜೊತೆ ಓದುಗ, ಆ ಸದ್ದಿಗೆ ಕಿವಿಗೊಟ್ಟು ಬದುಕಿದ್ದಾರೆ. ಪಟಾಕಿಯ ರಾತ್ರಿ ಅವಳಿಗೆ ಏನೂ ಕೇಳುವುದಿಲ್ಲ. ಹೊಗೆಯಲ್ಲಿ ಏನೂ ಕಾಣುವುದಿಲ್ಲ. ಊರೇ ದುಷ್ಟಶಕ್ತಿಯನ್ನು ಓಡಿಸುತ್ತಿರುವ ಹೊತ್ತಿನಲ್ಲೇ ಅವಳು ಎಲ್ಲಕ್ಕಿಂತ ಅಸಹಾಯಕಳು.

ಭಯದ ಕೆಲಸ ಕಿವಿಯಿಂದಲೇ ಆಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ದೊಡ್ಡ ಟೊಪ್ಪಿಗೆಯ ಕುಳ್ಳನನ್ನು ತಲೆಯಿಂದ ಕಾಲಿನವರೆಗೆ ವರ್ಣಿಸಿದರೆ ನಗು ಬರುತ್ತದೆ. ಹಾಗಾಗಿ ಅವನನ್ನು ತುಂಡುತುಂಡಾಗಿ ಮಾತ್ರ ತೋರಿಸಿ. ಕಿಟಕಿಯ ಕೆಳಚೌಕಟ್ಟಿನಷ್ಟೇ ಎತ್ತರಕ್ಕೆ ಟೊಪ್ಪಿಗೆಯ ಅಂಚಿನ ನೆರಳು. ಮಳೆ ನಿಂತ ಅಂಗಳದಲ್ಲಿ ಏಳು ವರ್ಷದ ಹುಡುಗನ ಅಳತೆಯ ಬೂಟಿನ ಗುರುತು, ಆದರೆ ಹಿಮ್ಮಡಿ ಆಳವಾಗಿ ಊರಿದ, ದೊಡ್ಡ ಗಂಡಸಿನ ಭಾರದ ಗುರುತು. ದಿಂಬಿನ ಮೇಲೆ ಇದ್ದಿಲಿನ ಬೆರಳಚ್ಚು. ಇಡೀ ರೂಪ ಒಟ್ಟಿಗೆ ಕಾಣುವುದು ಒಂದೇ ಸಲ, ಕೊನೆಯಲ್ಲಿ, ನಾಲ್ಕು ಸಾಲಿಗಿಂತ ಕಡಿಮೆ.

ಮೊದಲ ಏಳು ಅಧ್ಯಾಯಗಳಲ್ಲಿ ಬರುವ ಪ್ರತಿ ಸೂಚನೆಗೂ ಒಂದು ಸಹಜ ಕಾರಣ ಇರಲಿ. ಇದನ್ನು ಆ ಜಾಗವೇ ಒದಗಿಸುತ್ತದೆ, ಅದಕ್ಕಾಗಿ ಆಂಟಿಗುವಾ ಪಟ್ಟಣವನ್ನೋ ಅದರ ಸುತ್ತಲ ಹಳ್ಳಿಯೊಂದನ್ನೋ ಆರಿಸಿಕೊಳ್ಳಿ. 1773ರ ಭೂಕಂಪದಲ್ಲಿ ಕುಸಿದು, 1776ರಲ್ಲಿ ರಾಜಧಾನಿಯ ಪಟ್ಟ ಕಳೆದುಕೊಂಡ ಊರು ಅದು. ಮುರಿದ ಚರ್ಚುಗಳು ಇಂದಿಗೂ ಬಿದ್ದ ಹಾಗೇ ನಿಂತಿವೆ, ಬೀದಿಗಳಿಗೆ ಉರುಟುಕಲ್ಲು ಹಾಸಿದೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಮೇಲಿರುವುದರಿಂದ ಡಿಸೆಂಬರ್ ರಾತ್ರಿ ಸ್ವೆಟರ್ ಬೇಕಾಗುವಷ್ಟು ಚಳಿ. ಊರ ತಲೆಯ ಮೇಲೇ 3,760 ಮೀಟರ್ ಎತ್ತರದ ಆಗುವಾ ಜ್ವಾಲಾಮುಖಿ, ಪಶ್ಚಿಮಕ್ಕೆ ಆಗಾಗ ಗುಡುಗುತ್ತ ಬೂದಿ ಉಗುಳುವ ಫ್ಯುಯೆಗೊ. ತಂಗಿಯ ತಟ್ಟೆಯಲ್ಲಿ ಮೊದಲ ಸಲ ಹರಳು ಹಲ್ಲಿಗೆ ಸಿಕ್ಕಾಗ ಎಲ್ಲರೂ ಫ್ಯುಯೆಗೊದ ಬೂದಿ ಅನ್ನುತ್ತಾರೆ. ಬೂದಿ ಒಣ, ಮರಳಿನಂಥದ್ದು. ಎರಡನೇ ಸಲ ಸಿಕ್ಕಿದ್ದು ಒದ್ದೆ, ಕಪ್ಪು, ಬೇರಿನ ತುಣುಕಿರುವ ಮಣ್ಣು. ಕಾಫಿ ತೋಟದ ಕುದುರೆಯ ಅಯಾಲಿನ ಜಡೆ ಹುಡುಗರ ಚೇಷ್ಟೆ ಆಗಿರಬಹುದು. ಗಿಟಾರ್ ಪಕ್ಕದ ಮನೆಯದಿರಬಹುದು. ಎಂಟನೇ ಅಧ್ಯಾಯದಲ್ಲಿ ಈ ಕಾರಣಗಳೆಲ್ಲ ಒಂದೇ ಬೆಳಗ್ಗೆ ಕುಸಿಯಬೇಕು.

ಮೊಬೈಲ್ ಏನು ಮಾಡುತ್ತದೆ ಎಂದು ಮೊದಲೇ ತೀರ್ಮಾನಿಸಿ. ಅಲ್ಲಿಯ ಹುಡುಗಿಯರೂ ದಿನವಿಡೀ ವಾಟ್ಸಾಪ್ ದನಿ ಕಳಿಸುವವರೇ. ನೆಟ್‌ವರ್ಕ್ ಇಲ್ಲ, ಬ್ಯಾಟರಿ ಮುಗಿಯಿತು ಎಂದು ಎರಡು ಸಲ ಬರೆದರೆ ಓದುಗ ಸಹಿಸುತ್ತಾನೆ, ಮೂರನೇ ಸಲ ಮೋಸ ಅನ್ನಿಸುತ್ತದೆ. ಕಟ್ಟಳೆ ಇಡಿ: ದನಿಮುದ್ರಣದಲ್ಲಿ ಹಾಡು ಬರುವುದಿಲ್ಲ, ಬೂಟಿನ ಸದ್ದು ಬರುತ್ತದೆ. ಹಾಗಾದರೆ ತಂಗಿಗೆ ಹಾಡು, ಅಕ್ಕನಿಗೆ ಹೆಜ್ಜೆ. ಇಬ್ಬರಿಗೂ ಕೇಳುವುದು ಬೇರೆಬೇರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸೊಂಬ್ರೆರೋನ್‌ನನ್ನು ಪ್ರೇಮಿ ಮಾಡಬೇಡಿ. ಗಿಟಾರ್, ಕಣ್ಣೀರು, ಹರಳುಗಟ್ಟಿದ ಹನಿ ಇವೆಲ್ಲ ಅತ್ತ ಎಳೆಯುತ್ತವೆ, ಈ ವಯೋಮಾನದ ಮಾರುಕಟ್ಟೆಯೂ ಅತ್ತಲೇ ಎಳೆಯುತ್ತದೆ. ಆದರೆ ಅವನು ಮಾಡುವುದೇನು ನೋಡಿ: ಹೇಳದೆ ಕೇಳದೆ ಮೈಮುಟ್ಟುತ್ತಾನೆ, ಉಣ್ಣಲು ಬಿಡುವುದಿಲ್ಲ, ಮಲಗಲು ಬಿಡುವುದಿಲ್ಲ, ಮನೆಯವರಿಂದ ದೂರ ಮಾಡುತ್ತಾನೆ. ಹದಿನಾಲ್ಕರ ಹುಡುಗಿಗೆ ಹೀಗೆ ಮಾಡುವವನನ್ನು ಏನೆಂದು ಕರೆಯಬೇಕೋ ನಿಮ್ಮ ಓದುಗಿಯರಿಗೆ ಗೊತ್ತಿದೆ, ಕೆಲವರಿಗೆ ಅನುಭವದಿಂದಲೇ ಗೊತ್ತಿರುತ್ತದೆ. ಹಾಡು ಇಂಪಾಗಿಯೇ ಇರಲಿ, ತಂಗಿಗೆ ಅದು ಇಷ್ಟವೂ ಆಗಲಿ. ಅಪಾಯ ಇರುವುದೇ ಆ ಇಂಪಿನಲ್ಲಿ. ಕಥೆ ಮಾತ್ರ ಅವನ ಪರ ವಹಿಸಬಾರದು. ಹಾಗೆಯೇ ಅವಳು ಊಟ ಬಿಡುವ ಭಾಗದಲ್ಲಿ ತೂಕದ ಅಂಕಿ ಬೇಡ, ಸೊರಗಿದ್ದನ್ನು ಚೆಲುವಾಗಿ ವರ್ಣಿಸುವುದೂ ಬೇಡ. ಊಟದೊಂದಿಗೆ ಜಗಳವಾಡುವ ಹುಡುಗಿಯರು ಈ ಪುಟಗಳನ್ನು ಓದುತ್ತಾರೆ. ಮಣ್ಣಿನ ರುಚಿ ಬರೆಯಿರಿ, ಸೊಂಟದ ಅಳತೆ ಬರೆಯಬೇಡಿ.

ನಿಮ್ಮ ಕೊನೆಯ ಅಧ್ಯಾಯದ ಯೋಜನೆಯಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಮಾಯಾ ಜನರ ಪಾತಾಳ ಶಿಬಾಲ್ಬಾ ಇದೆಯೆಂದಾದರೆ ಅದನ್ನೂ ತೆಗೆಯಿರಿ. ಶಿಬಾಲ್ಬಾದ ಕಥೆ ಕಿಚೆ ಮಾಯಾ ಜನರ ಪೋಪೋಲ್ ವೂಹ್ ಎಂಬ ಪುರಾಣ ಗ್ರಂಥದ್ದು. ಹದಿನೆಂಟನೇ ಶತಮಾನದ ಆರಂಭದಲ್ಲಿ ಚಿಚಿಕಾಸ್ತೆನಾಂಗೊದಲ್ಲಿ ಫ್ರಾನ್ಸಿಸ್ಕೊ ಹಿಮೇನೆಸ್ ಎಂಬ ಪಾದ್ರಿ ನಕಲು ಮಾಡಿದ್ದರಿಂದ ನಮಗೆ ಉಳಿದುಬಂದದ್ದು. ಅದರ ಕತ್ತಲ ಮನೆ, ಚಳಿಯ ಮನೆ, ಬಾವಲಿಗಳ ಮನೆ ಒಂದೊಂದೂ ಅದ್ಭುತ. ಆದರೆ ಸೊಂಬ್ರೆರೋನ್‌ನ ಮೈಮೇಲಿರುವುದೆಲ್ಲ ಸ್ಪೇನಿನವರು ತಂದದ್ದು. ಗಿಟಾರ್, ಬೂಟು, ಹೇಸರಗತ್ತೆ ಎಲ್ಲವೂ. ಅವನು ವಸಾಹತು ಕಾಲದ ಬೀದಿಯವನು. ಅವನನ್ನು ಮಾಯಾ ದೇವತೆಗಳ ಸೇವಕ ಮಾಡಿದರೆ ಎರಡೂ ಕೆಡುತ್ತವೆ.

ಜೀವಂತ ನಂಬಿಕೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಾಂತಿಯಾಗೊ ಅತಿತ್ಲಾನ್‌ನಲ್ಲಿ ಮಶಿಮೋನ್ ಎಂಬ ಮೂರ್ತಿಗೆ ಟೊಪ್ಪಿಗೆ, ಕೊರಳ ತುಂಬ ಬಟ್ಟೆ ತೊಡಿಸಿ, ಬಾಯಿಗೆ ಸಿಗಾರ್ ಇಟ್ಟು, ಸಾರಾಯಿ ಅರ್ಪಿಸಿ ಪೂಜಿಸುತ್ತಾರೆ. ವರ್ಷಕ್ಕೊಂದು ಮನೆಯವರು ಅವನನ್ನು ಇಟ್ಟುಕೊಂಡು ನಡೆದುಕೊಳ್ಳುತ್ತಾರೆ. ಹೊರಗಿನ ಲೇಖಕರಿಗೆ ಅವನು ಖಳನಾಯಕನ ಹಾಗೆ ಕಾಣುತ್ತಾನೆ. ಪಂಜುರ್ಲಿಯನ್ನೋ ಗುಳಿಗನನ್ನೋ ಪರದೇಶದವನೊಬ್ಬ ಪಿಶಾಚಿಯೆಂದು ಬರೆದರೆ ತುಳುನಾಡಿನವರಿಗೆ ಹೇಗಾದೀತು ಎಂದು ಯೋಚಿಸಿದರೆ ಸಾಕು. ಹಾಗೆಯೇ 260 ದಿನಗಳ ಪಂಚಾಂಗ ನೋಡಿ ದಿನದ ಗುಣ ಹೇಳುವ ಆಹ್‌ಕೀಹ್‌ರನ್ನು ಮಾಟಗಾರ ಎಂದು ಬರೆಯಬೇಡಿ. 2020ರ ಜೂನ್‌ನಲ್ಲಿ ಪೆತೇನ್ ಪ್ರಾಂತ್ಯದಲ್ಲಿ ಗಿಡಮೂಲಿಕೆ ಬಲ್ಲ ಕೆಕ್ಚಿ ಮಾಯಾ ಹಿರಿಯರೊಬ್ಬರನ್ನು ಮಾಟ ಮಾಡಿದರೆಂದು ಆರೋಪಿಸಿ ಜೀವಂತ ಸುಟ್ಟರು. ಆ ಪದ ಅಲ್ಲಿ ಇನ್ನೂ ಜೀವ ತೆಗೆಯುತ್ತದೆ.

ಅಜ್ಜಿಯ ವಯಸ್ಸನ್ನೂ ಲೆಕ್ಕ ಹಾಕಿ. ಇಂದಿನ ಕಥೆಯಲ್ಲಿ ಅವಳಿಗೆ ಎಪ್ಪತ್ತಾಗಿದ್ದರೆ ಅವಳ ಯೌವನವೆಲ್ಲ ಅಂತರ್ಯುದ್ಧದಲ್ಲಿ ಕಳೆದಿದೆ. ಅದು 1960ರಿಂದ 1996ರವರೆಗೆ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು, ಬಹುಪಾಲು ಮಾಯಾ ಜನ, ಬಹುಪಾಲು ಕೃತ್ಯಗಳು ಸರ್ಕಾರದ ಪಡೆಗಳವು. ಇದನ್ನು ಕಥೆಗೆ ಎಳೆದು ತರಲೇಬೇಕೆಂದಿಲ್ಲ. ತಂದರೆ, ರಾತ್ರಿ ಬಾಗಿಲ ಹೊರಗೆ ಬೂಟಿನ ಸದ್ದು ಕೇಳಿದಾಗ ಅಜ್ಜಿ ಯಾಕೆ ಉಸಿರು ಬಿಗಿಹಿಡಿದು ದೀಪ ಆರಿಸುತ್ತಾಳೆ ಎಂಬುದಕ್ಕೆ ಎರಡು ಕಾರಣ ಇರಬಹುದು, ಅವಳು ಒಂದನ್ನು ಮಾತ್ರ ಹೇಳುತ್ತಾಳೆ. ನಡೆದ ಕೊಲೆಗಳನ್ನು ದೆವ್ವದ ತಲೆಗೆ ಕಟ್ಟುವ ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ. ಕೊಂದವರು ಮನುಷ್ಯರು.

ಬರವಣಿಗೆಯ ಕೆಲವು ಸಂಗತಿ. ಸ್ಪ್ಯಾನಿಷ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತ ನೋಡಿ ಬರೆದರೆ ತಪ್ಪುತ್ತದೆ. ಜೆ ಅಕ್ಷರ ಹ ಆಗುತ್ತದೆ, ಎರಡು ಎಲ್ ಸೇರಿದರೆ ಯ, ಎಚ್ ಮೌನ, ಮಾಯಾ ಪದಗಳ ಎಕ್ಸ್ ಶ. ಇಂಗ್ಲಿಷಿನವರಿಗಿಲ್ಲದ ಒಂದು ಅನುಕೂಲ ನಮಗಿದೆ: ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳೇ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ದೇಶದ ಹೆಸರು ಗ್ವಾಟೆಮಾಲಾ ಎಂದು, ಊರಿನ ಹೆಸರು ಆಂಟಿಗುವಾ ಎಂದು ರೂಢಿಯಾಗಿದೆ, ಇರಲಿ. ಉಳಿದಂತೆ ಟಾರ್ಟಿಲ್ಲಾ ಬಿಟ್ಟು ತೋರ್ತಿಯಾ ಬರೆಯಿರಿ. ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳ ಅರೆದು ಕೈಯಲ್ಲಿ ತಟ್ಟಿ ಹೆಂಚಿನ ಮೇಲೆ ಬೇಯಿಸುವುದು ಎಂದರೆ ರೊಟ್ಟಿ ಬಲ್ಲ ಓದುಗನಿಗೆ ಬೇರೆ ವಿವರ ಬೇಡ. ಅಲ್ಲಿ ಗೆಳತಿಯರ ನಡುವೆ ವೋಸ್, ಹಿರಿಯರಿಗೆ ಉಸ್ತೆದ್, ನಮ್ಮ ನೀನು ಮತ್ತು ನೀವು ಇದಕ್ಕೆ ಸರಿಹೊಂದುತ್ತವೆ. ಅವನು ತಂಗಿಯನ್ನು ಮೊದಲು ನೀವು ಎನ್ನುತ್ತ ಬಂದು ಒಂದು ರಾತ್ರಿ ನೀನು ಎಂದರೆ ಓದುಗನ ಬೆನ್ನು ತಣ್ಣಗಾಗುತ್ತದೆ. ಇಂಗ್ಲಿಷ್‌ನಲ್ಲಿ ಈ ದೃಶ್ಯ ಬರೆಯಲಾಗದು. ಸೊಂಬ್ರೆರೋನ್‌ಗೆ ಗಂಧರ್ವ ಎಂದೋ ಸಿಗುವಾನಾಬಾಗೆ ಮೋಹಿನಿ ಎಂದೋ ಕನ್ನಡದ ಹೆಸರು ಕಟ್ಟಬೇಡಿ, ಕಟ್ಟಿದರೆ ಮೋಹಿನಿಯ ಕಟ್ಟಳೆಗಳು ಒಳಗೆ ನುಗ್ಗುತ್ತವೆ. ಪರಿಚಿತವೆನ್ನಿಸಲು ಬೇರೆ ನಿಜವಾದ ವಸ್ತುಗಳಿವೆ. ಆ ಹಳ್ಳಿಗಳ ದಾರಿಯಲ್ಲಿ ಓಡುವ ತುಕ್‌ತುಕ್‌ಗಳು ಬಜಾಜ್ ಆಟೊಗಳೇ.

ಉದ್ದ ಸುಮಾರು ನಲವತ್ತೈದು ಸಾವಿರ ಪದ ಸಾಕು, ಇಪ್ಪತ್ತೆಂಟು ಅಧ್ಯಾಯಕ್ಕೆ ಹಂಚಿದರೆ ಒಂದೊಂದು 1,600. ಪ್ರತಿ ಅಧ್ಯಾಯವನ್ನೂ ಚೀತ್ಕಾರದಲ್ಲಿ ಮುಗಿಸುವ ಚಟ ಬೇಡ. ಮೂರನೇ ಚೀತ್ಕಾರಕ್ಕೆ ಕಿವಿ ಒಗ್ಗಿಹೋಗುತ್ತದೆ. ಅಕ್ಕ ಬಾಚಣಿಗೆಯಿಂದ ಕೂದಲೆಳೆ ಬಿಡಿಸಿ ಬೆರಳಿಗೆ ಸುತ್ತಿಕೊಂಡು ನಿಲ್ಲುವಲ್ಲಿ ಮುಗಿದರೂ ಓದುಗ ಪುಟ ತಿರುಗಿಸುತ್ತಾನೆ.

ಬರೆದಿಟ್ಟ ಎಂಟು ಅಧ್ಯಾಯಗಳನ್ನು ಎಸೆಯಬೇಡಿ. ಸಿಗುವಾನಾಬಾ ಬರುವ ಅಧ್ಯಾಯವನ್ನು ಇಟ್ಟುಕೊಳ್ಳಿ, ಆದರೆ ಅವಳನ್ನು ನೋಡುವವನು ಕುಡಿದು ತಡವಾಗಿ ಬರುವ ಚಿಕ್ಕಪ್ಪನಾಗಲಿ. ಬೆಳಗ್ಗೆ ಅವನು ಜ್ವರದಲ್ಲಿ ನಡುಗುತ್ತ ಹೇಳುವುದನ್ನು ಮನೆಯವರೆಲ್ಲ ನಕ್ಕು ತಳ್ಳಿಹಾಕಲಿ. ಅದೇ ಬೆಳಗ್ಗೆ ಜಗಲಿಯಲ್ಲಿ ಕೂತ ತಂಗಿಯ ತಲೆಯಲ್ಲಿ ಬಿಗಿಯಾದ, ಒಪ್ಪವಾದ ಮೂರೆಳೆಯ ಜಡೆ ಇರಲಿ. ಅದನ್ನು ಹಾಕಿದ್ದು ಅಮ್ಮ ಎಂದು ಅಕ್ಕ, ಅಕ್ಕ ಎಂದು ಅಮ್ಮ ಅಂದುಕೊಂಡಿರಲಿ. ಒಂದನೇ ಅಧ್ಯಾಯ ಅಲ್ಲಿಂದ ಶುರುಮಾಡಿ.